ಅಪ್‌ಡೇಟ್: ತಂಗಿಯ ಹನ್ನೆರಡನೇ ತರಗತಿಯ ಕೊನೆಯ ವಾರಗಳು

ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನಲ್ಲಿ ನಮ್ಮದು ಅಂಜೂರದ ತೋಟ. ಕೊಯ್ಲಿನ ಕೆಲಸ ಓದಿಗೆ ಅಡ್ಡಿಯಾಗುತ್ತಿದೆ, ಪರೀಕ್ಷೆ ಮುಗಿಯುವವರೆಗೆ ತಂಗಿಯನ್ನು ನಗರದ ಚಿಕ್ಕಮ್ಮನ ಮನೆಗೆ ಕಳುಹಿಸಬೇಕೇ ಎಂದು ಹಿಂದೆ ಇಲ್ಲಿ ನಿಮ್ಮನ್ನು ಕೇಳಿದ್ದೆ. ಕಳುಹಿಸಲಿಲ್ಲ. ‘ಮನೆಯಲ್ಲೇ ಇರಲಿ, ಕೊಯ್ಲಿನಿಂದ ಬಿಡಿಸಿ’ ಎಂದವರ ಮಾತು ಅಪ್ಪನಿಗೆ ಹಿಡಿಸಿತು.

ಅಂಜೂರ ಹಣ್ಣಾದರೆ ಕಾಯುವುದಿಲ್ಲ. ನಸುಕಿನಲ್ಲೇ ಕೊಯ್ದು, ಬುಟ್ಟಿಗೆ ಎಲೆ ಹಾಸಿ ಜೋಡಿಸಬೇಕು. ತೊಟ್ಟಿನ ಹಾಲು ತಾಗಿ ತಂಗಿಯ ಬೆರಳುಗಳು ಬಿರಿದಿದ್ದವು, ಪೆನ್ನು ಹಿಡಿದರೆ ಉರಿಯುತ್ತಿತ್ತು. ಈಗ ಆ ಕೆಲಸ ನನಗೂ ಅತ್ತಿಗೆಗೂ ಸೇರಿದ್ದು. ಬೆರಳು ವಾಸಿಯಾಗಿದೆ, ಜೀವಶಾಸ್ತ್ರದ ಪ್ರಯೋಗ ಪುಸ್ತಕದ ಚಿತ್ರಗಳನ್ನೆಲ್ಲ ಮುಗಿಸಿ ಸಹಿ ಹಾಕಿಸಿಕೊಂಡಿದ್ದಾಳೆ.

ಬೀಳ್ಕೊಡುಗೆಗೆ ಅಮ್ಮನ ಇಳಕಲ್ ಸೀರೆ ಉಟ್ಟು ಹೋದಳು. ಮರಾಠಿ ಗೆಳತಿಯರು ಸೆರಗಿನ ಕೆಂಪನ್ನು ಮುಟ್ಟಿ ಮುಟ್ಟಿ ನೋಡಿದರಂತೆ. ಎಷ್ಟು ಚೆಂದ ಕಾಣುತ್ತಿದ್ದಳು!

ಲಿಖಿತ ಪರೀಕ್ಷೆ ಬಾಕಿಯಿದೆ, ಆಮೇಲೆ ಮಹಾರಾಷ್ಟ್ರದ ಪ್ರವೇಶ ಪರೀಕ್ಷೆ ಎಂಎಚ್‌ಟಿ ಸಿಇಟಿ. ನಾಲ್ಕು ವರ್ಷದ ಕೃಷಿ ಪದವಿಯನ್ನು ಪುಣೆಯ ಕೃಷಿ ಕಾಲೇಜಿನಲ್ಲೇ ಓದಬೇಕೆಂಬ ಹಟ ಅವಳದು. 2016ರಲ್ಲಿ ಭೌಗೋಳಿಕ ಸೂಚಿಕೆ (ಊರಿನ ಹೆಸರಿನೊಂದಿಗೆ ಬೆಳೆಗೆ ಸಿಗುವ ಜಿಐ ಮಾನ್ಯತೆ) ಪಡೆದ ನಮ್ಮ ಅಂಜೂರ ಕೊಯ್ದ ಮೇಲೆ ಇಷ್ಟು ಬೇಗ ಕೆಡುವುದಕ್ಕೆ ಅವಳು ಉತ್ತರ ಹುಡುಕಬೇಕಂತೆ. ‘ಹುಡುಗಿಗೆ ಇಷ್ಟು ಓದು ಸಾಕು’ ಎನ್ನುತ್ತಿದ್ದ ದೊಡ್ಡಪ್ಪನೇ ಪರೀಕ್ಷಾ ಕೇಂದ್ರಕ್ಕೆ ಬೈಕಿನಲ್ಲಿ ಬಿಡಲು ಒಪ್ಪಿದ್ದಾರೆ. ಫಲಿತಾಂಶ ಬಂದ ಮೇಲೆ ಮತ್ತೆ ಬರೆಯುತ್ತೇನೆ.