ಪದ ಬೇಕು: ವಿಂಡೋ ‘ಮ್ಯಾಕ್ಸಿಮೈಸ್’ ಮಾಡುವುದಕ್ಕೆ (ಬರೆದವರನ್ನು ಅವರವರ ಊರಿನ ಹೆಸರಿನಿಂದ ಗುರುತಿಸಿದೆ)

ಮಂಜೇಶ್ವರ: ಎರಡು ಪರದೆಯ ಕಂಪ್ಯೂಟರಿನ ಪಕ್ಕ ಅಂಟಿಸಲು ಕನ್ನಡ ಸೂಚನೆ ನಾಳೆ ಅಚ್ಚಿಗೆ ಹೋಗಬೇಕು. ಮಲಯಾಳದ್ದು ಆಗಿದೆ. ಬಲಗಡೆಯ ಪರದೆ ಅರ್ಜಿದಾರರತ್ತ ತಿರುಗಿದೆ. ಅರ್ಜಿಯ ವಿಂಡೋವನ್ನು, ಎಂದರೆ ಅರ್ಜಿ ಕಾಣುವ ಚೌಕಟ್ಟನ್ನು, ಅಲ್ಲಿಗೆ ದಾಟಿಸಿ (ವಿಂಡೋಸ್ ಕೀ, ಶಿಫ್ಟ್, ಬಲಬಾಣ) ಮ್ಯಾಕ್ಸಿಮೈಸ್ (ವಿಂಡೋಸ್ ಕೀ, ಮೇಲ್ಬಾಣ) ಮಾಡಬೇಕು, ಅದು ಪರದೆಯಷ್ಟಗಲ ಹರಡಬೇಕು. ‘ಗರಿಷ್ಠಗೊಳಿಸಿ’ ಯಾರಿಗೂ ತಿಳಿಯದು. ‘ಪೂರ್ಣಪರದೆ’ ಆದೀತೇ?

ಕಾಸರಗೋಡು: ಆಗದು. ಪೂರ್ಣಪರದೆ ಎಂದರೆ ಬ್ರೌಸರಿನಲ್ಲಿ ಎಫ್ 11 ಒತ್ತಿದಾಗ ಆಗುವುದು; ಟಾಸ್ಕ್‌ಬಾರ್ (ತೆರೆದ ವಿಂಡೋಗಳ ಚಿತ್ರಗಳಿರುವ, ಪರದೆಯ ಅಂಚಿನ ಪಟ್ಟಿ) ಕೂಡ ಮರೆಯಾಗುತ್ತದೆ. ಮ್ಯಾಕ್ಸಿಮೈಸ್‌ನಲ್ಲಿ ಅದು ಉಳಿಯುತ್ತದೆ. ‘ಹಿಗ್ಗಿಸಿ’ ಎಂದು ಹಾಕಿ.

ಕುಂಬಳೆ: ‘ಹಿಗ್ಗಿಸಿ’ ಎಂದರೆ ಅಕ್ಷರ ದೊಡ್ಡದು ಮಾಡಬೇಕೆಂದುಕೊಂಡು ಕಂಟ್ರೋಲ್, ಪ್ಲಸ್ ಒತ್ತುತ್ತಾರೆ. ‘ಪರದೆ ತುಂಬ ಬಿಡಿಸಿ’ ಸಾಕು. ಅಳತೆ ಬದಲಾಗುವುದು ಚೌಕಟ್ಟಿನದ್ದು, ಒಳಗಿನ ಬರಹದ್ದಲ್ಲ. ಎರಡು ಪರದೆಗಳ ಸ್ಕೇಲಿಂಗ್ (ಬರಹ, ಚಿತ್ರ ಎಷ್ಟು ದೊಡ್ಡದಾಗಿ ಕಾಣಬೇಕೆಂಬ ಪ್ರಮಾಣ) ಬೇರೆಯಾಗಿದ್ದರೆ, ಒಂದಕ್ಕೆ 100%, ಇನ್ನೊಂದಕ್ಕೆ 150% ಎಂದಿಟ್ಟುಕೊಳ್ಳಿ, ದಾಟುವಾಗ ಅಕ್ಷರವೂ ಹಿರಿಕಿರಿದಾಗುತ್ತದೆ. ಅದಕ್ಕೆ ಬೇಕಾದರೆ ‘ಹಿಗ್ಗು’ ಇರಲಿ.

ಬದಿಯಡ್ಕ: ಮೊದಲು ‘ವಿಂಡೋ’ ತೆಗೆಯಿರಿ. ಕಿಟಕಿಯೂ ಬೇಡ, ಅದು ಹಿಂದಿಯ ಖಿಡಕಿಯ ನೆಂಟ. ಗವಾಕ್ಷವೋ ಸಂಸ್ಕೃತದ ಎತ್ತಿನ ಕಣ್ಣು. ‘ಕಿಂಡಿ’ ಅಚ್ಚಗನ್ನಡ.

ಕಾಸರಗೋಡು: ಉಡುಪಿಯ ಕನಕನ ಕಿಂಡಿ ನೋಡಿದ್ದೀರಲ್ಲ? ಕಿಂಡಿ ಎಂದರೇ ಸಣ್ಣದು, ಅದನ್ನು ಪರದೆ ತುಂಬ ಬಿಡಿಸುವುದೇ? ಪಕ್ಕದ ಮಲಯಾಳದವರ ಜನಲ್ ಪೋರ್ಚುಗೀಸಿನಿಂದ ಬಂದದ್ದು, ಅದರಿಂದ ಅವರ ಭಾಷೆ ಬಡವಾಗಲಿಲ್ಲ. ನಮ್ಮ ಬಟಾಟೆಯೂ ಅಲ್ಲಿಯದೇ ಮಾರಾಯ್ರೇ. ‘ಪರದೆ’ಯೇ ಪಾರಸಿ.

ಬದಿಯಡ್ಕ: ಬಟಾಟೆ ತಿನ್ನುವುದಕ್ಕೂ ಫಲಕ ಬರೆಯುವುದಕ್ಕೂ ಸಂಬಂಧವಿಲ್ಲ. ಎರವಲಿಗೆ ಬಾಗಿಲು ತೆರೆದವರೇ ಹೀಗೆ ವಾದಿಸುವುದು.

ಕುಂಬಳೆ: ಜಗಳ ಆಮೇಲೆ ಆಡಿ. ಮಂಜೇಶ್ವರದವರೇ, ‘ರಿಸ್ಟೋರ್’ಗೆ ‘ಮರುಸ್ಥಾಪಿಸಿ’ ಹಾಕಬೇಡಿ, ಅಳಿಸಿದ ಕಡತ ವಾಪಸ್ ಬರುತ್ತದೆ ಎಂದುಕೊಳ್ಳುತ್ತಾರೆ. ‘ಮೊದಲಿನ ಅಳತೆಗೆ ತನ್ನಿ’ ಎನ್ನಿ. ವಿಂಡೋಸ್ ಕೀ, ಕೆಳಬಾಣ, ಒಂದೇ ಸಲ. ಇನ್ನೊಮ್ಮೆ ಒತ್ತಿದರೆ ಮಿನಿಮೈಸ್ ಆಗಿ ಟಾಸ್ಕ್‌ಬಾರಿಗೆ ಇಳಿಯುತ್ತದೆ. ಇನ್ನೊಂದು ಸಾಲೂ ಸೇರಿಸಿ: ಬಲಗಡೆಯ ಮಾನಿಟರಿನ ಸ್ವಿಚ್ ಆರಿಸಿದರೂ ಕಂಪ್ಯೂಟರಿನ ಲೆಕ್ಕದಲ್ಲಿ ಆ ಪರದೆ ಇನ್ನೂ ಇರಬಹುದು, ವಿಂಡೋ ಅಲ್ಲೇ ತೆರೆದು ಕಾಣೆಯಾದಂತಿರುತ್ತದೆ. ಆಗ ಟಾಸ್ಕ್‌ಬಾರಿನಲ್ಲಿ ಅದರ ಚಿತ್ರ ಒತ್ತಿ, ವಿಂಡೋಸ್ ಕೀ, ಶಿಫ್ಟ್, ಎಡಬಾಣ. ಬಿಡಿಸಿದ ಸ್ಥಿತಿಯಲ್ಲೇ ಈಚೆಗೆ ಬರುತ್ತದೆ.

ಮಂಜೇಶ್ವರ: ಹೀಗೆ ಕಳಿಸುತ್ತಿದ್ದೇನೆ: “ಅರ್ಜಿಯ ವಿಂಡೋವನ್ನು ಬಲಪರದೆಗೆ ದಾಟಿಸಿ, ಪರದೆ ತುಂಬ ಬಿಡಿಸಿ. ಕೆಲಸ ಮುಗಿದ ಮೇಲೆ ಕೆಳಬಾಣ ಒಂದೇ ಸಲ ಒತ್ತಿ ಮೊದಲಿನ ಅಳತೆಗೆ ತನ್ನಿ.” ಕೀಲಿಗಳ ಚಿತ್ರ ಕೆಳಗೆ ಇರುತ್ತದೆ.

ಬದಿಯಡ್ಕ: ‘ಬಾಣ’ ಸಂಸ್ಕೃತ. ಅಂಬು ಎನ್ನಿ.