ಸಣ್ಣಗೆ ಇಟ್ಟರೆ ವೀಣೆ ಗರಗರ ಅನ್ನುತ್ತದೆ, ಏನು ಮಾಡಲಿ?

ಪ್ರಶ್ನೆ (ಮಂಡ್ಯ):
ನಮಸ್ಕಾರ. ಮನೆಯಲ್ಲೇ ಜೋಡಿಸಿದ ಪುಶ್-ಪುಲ್ ಆಂಪ್ಲಿಫೈಯರ್ ಇದೆ (ಸಿಗ್ನಲ್‌ನ ಮೇಲಿನರ್ಧ ಒಂದು ಟ್ರಾನ್ಸಿಸ್ಟರ್, ಕೆಳಗಿನರ್ಧ ಇನ್ನೊಂದು ನೋಡಿಕೊಳ್ಳುವಂಥದ್ದು). ಔಟ್‌ಪುಟ್‌ಗೆ 2ಎನ್3055, ಎಂಜೆ2955 ಟ್ರಾನ್ಸಿಸ್ಟರ್. ಅವನ್ನು ನಡೆಸುವ ಡ್ರೈವರ್ ಟ್ರಾನ್ಸಿಸ್ಟರ್ ಬಿಡಿ139, ಬಿಡಿ140. ಬಯಾಸ್‌ಗೆ, ಅಂದರೆ ಸಿಗ್ನಲ್ ಇಲ್ಲದಾಗಲೂ ಟ್ರಾನ್ಸಿಸ್ಟರ್‌ಗಳನ್ನು ಸ್ವಲ್ಪ ಆನ್ ಇಡುವ ವೋಲ್ಟೇಜ್‌ಗೆ, ಎರಡು 1ಎನ್4148 ಡಯೋಡ್. ಜೋರಾಗಿ ಇಟ್ಟರೆ ಚೆನ್ನಾಗಿದೆ. ರಾತ್ರಿ ಸಣ್ಣಗೆ ವೀಣೆ ಹಾಕಿದರೆ, ಮೀಟಿದ ಸ್ವರ ಇಳಿಯುತ್ತಾ ಕೊನೆಗೆ ಗರಗರ ಅನ್ನುತ್ತದೆ. ಔಟ್‌ಪುಟ್‌ನ ತಪ್ಪು ತಿದ್ದುವ ಫೀಡ್‌ಬ್ಯಾಕ್ ಜಾಸ್ತಿ ಮಾಡಿದೆ, ಪೂರ್ತಿ ಹೋಗಲಿಲ್ಲ. 0.22 ಓಮ್ ಎಮಿಟರ್ ರೆಸಿಸ್ಟರ್ ಮೇಲೆ ಮೀಟರ್ ಸೊನ್ನೆ ತೋರಿಸುತ್ತದೆ. ಔಟ್‌ಪುಟ್ ಟ್ರಾನ್ಸಿಸ್ಟರ್ ಬದಲಿಸಬೇಕಾ?

ಉತ್ತರ (ಸರಸ್ವತೀಪುರಂ, ಮೈಸೂರು):
ಟ್ರಾನ್ಸಿಸ್ಟರ್ ಮುಟ್ಟಬೇಡಿ. ಆ ಸೊನ್ನೆಯಲ್ಲೇ ಉತ್ತರ ಇದೆ. ಸಿಗ್ನಲ್ ಇಲ್ಲದಾಗ ಔಟ್‌ಪುಟ್‌ನಲ್ಲಿ ಕರೆಂಟೇ ಹರಿಯುತ್ತಿಲ್ಲ. ಇದು ಕ್ರಾಸ್‌ಓವರ್ ಡಿಸ್ಟಾರ್ಷನ್, ಅಂದರೆ ಒಂದು ಟ್ರಾನ್ಸಿಸ್ಟರ್‌ನಿಂದ ಇನ್ನೊಂದಕ್ಕೆ ದಾಟುವಾಗ ದನಿ ಕೆಡುವುದು.

ಡ್ರೈವರ್ ಎರಡು, ಔಟ್‌ಪುಟ್ ಎರಡು, ಒಟ್ಟು ನಾಲ್ಕು ಬೇಸ್-ಎಮಿಟರ್ ಜಂಕ್ಷನ್ ದಾಟಬೇಕು. ಅದಕ್ಕೆ ಸುಮಾರು 2.4 ವೋಲ್ಟ್ ಬೇಕು. ಎರಡು ಡಯೋಡ್ ಕೊಡುವುದು ಅದರ ಅರ್ಧ ಅಷ್ಟೇ. ಹಾಗಾಗಿ ಸಿಗ್ನಲ್ ಸೊನ್ನೆ ದಾಟುವಾಗ ಎರಡೂ ಕಡೆ ಮಲಗಿರುತ್ತವೆ. ಜೋರಾಗಿದ್ದಾಗ ಆ ಸಂದು ಕಿವಿಗೆ ಬೀಳುವುದಿಲ್ಲ. ವೀಣೆಯ ಬಾಲದಲ್ಲಿ ಸಿಗ್ನಲ್ಲೇ ಸಣ್ಣದು, ಸಂದು ಮಾತ್ರ ಅಷ್ಟೇ ಇರುತ್ತದೆ. ಎರಡೂ ಆಫ್ ಆದ ಗಳಿಗೆಯಲ್ಲಿ ಗೇನ್ (ಸಿಗ್ನಲ್ ದೊಡ್ಡದು ಮಾಡುವ ಶಕ್ತಿ) ಬಿದ್ದುಹೋಗುತ್ತದೆ, ಆಮೇಲೆ ಫೀಡ್‌ಬ್ಯಾಕ್ ಯಾವುದರ ಬಲದಲ್ಲಿ ತಿದ್ದಬೇಕು ಹೇಳಿ?

ಡಯೋಡ್ ತೆಗೆದು ಆ ಜಾಗಕ್ಕೆ ಇನ್ನೊಂದು ಬಿಡಿ139 ಹಾಕಿ. ಅದರ ಕಲೆಕ್ಟರ್-ಬೇಸ್ ನಡುವೆ 2.2 ಕೆ (ಕಿಲೋಓಮ್) ರೆಸಿಸ್ಟರ್. ಬೇಸ್-ಎಮಿಟರ್ ನಡುವೆ 470 ಓಮ್, ಅದರ ಜೊತೆ ಸೀರೀಸ್‌ನಲ್ಲಿ 1 ಕೆ ಪ್ರಿಸೆಟ್ (ತಿರುಗಿಸಿ ಹೊಂದಿಸುವ ಪುಟ್ಟ ರೆಸಿಸ್ಟರ್). ಪ್ರಿಸೆಟ್ ಇಲ್ಲೇ ಇರಬೇಕು, ದಯವಿಟ್ಟು ಮೇಲಕ್ಕೆ, ಅಂದರೆ ಕಲೆಕ್ಟರ್-ಬೇಸ್ ನಡುವೆ, ಹಾಕಬೇಡಿ. ಇಲ್ಲಿದ್ದರೆ ಮುಂದೊಂದು ದಿನ ಪ್ರಿಸೆಟ್ ಓಪನ್ ಆದರೂ ಬಯಾಸ್ ಕುಸಿಯುತ್ತದೆ, ದನಿ ಕೆಡುತ್ತದೆ, ಟ್ರಾನ್ಸಿಸ್ಟರ್ ಉಳಿಯುತ್ತದೆ. ಮೇಲಿದ್ದರೆ ಔಟ್‌ಪುಟ್ ಜೋಡಿ ಸುಟ್ಟುಹೋಗುತ್ತದೆ.

ಸ್ಪೀಕರ್ ಬಿಚ್ಚಿ, ಇನ್‌ಪುಟ್ ಶಾರ್ಟ್ ಮಾಡಿ, ಪ್ರಿಸೆಟ್ ಪೂರ್ತಿ 1 ಕೆ ಕಡೆ ತಿರುಗಿಸಿ. ಮೊದಲ ಸಲ ಮೇನ್ಸ್ ಲೈನ್‌ಗೆ 60 ವ್ಯಾಟ್ ಫಿಲಮೆಂಟ್ ಬಲ್ಬ್ ಸೀರೀಸ್‌ನಲ್ಲಿಟ್ಟೇ ಆನ್ ಮಾಡಿ. ಬಲ್ಬ್ ಉರಿಯುತ್ತಲೇ ಇದ್ದರೆ ಅಲ್ಲಿಗೇ ನಿಲ್ಲಿಸಿ. ಸರಿ ಇದ್ದರೆ ಬಲ್ಬ್ ತೆಗೆದು, ನಿಧಾನಕ್ಕೆ ತಿರುಗಿಸುತ್ತಾ ಒಂದೊಂದು 0.22 ಓಮ್ ಮೇಲೆ 20ರಿಂದ 25 ಮಿಲಿವೋಲ್ಟ್ ಬರುವ ಹಾಗೆ ಮಾಡಿ. ಅಂದರೆ ಸುಮಾರು 100 ಮಿಲಿಆಂಪಿಯರ್. ಇನ್ನೂ ಏರಿಸಿದರೆ ದನಿ ಇನ್ನೂ ಚೆನ್ನಾಗುತ್ತದೆ ಅಂತ ಕೆಲವರು ಅನ್ನುತ್ತಾರೆ, ನಾನು ಒಪ್ಪುವುದಿಲ್ಲ. ಎರಡೂ ಟ್ರಾನ್ಸಿಸ್ಟರ್ ಒಟ್ಟಿಗೆ ಕೆಲಸ ಮಾಡುವ ಭಾಗದಲ್ಲಿ ಗೇನ್ ಏರಿ, ಬೇರೆ ರೀತಿಯ ಡಿಸ್ಟಾರ್ಷನ್ ಶುರುವಾಗುತ್ತದೆ.

ಪ್ರಶ್ನೆ ಕೇಳಿದವರು:
ಸರ್, ವೀಣೆ ಈಗ ಕೊನೆಯವರೆಗೂ ಶುದ್ಧವಾಗಿ ಕೇಳುತ್ತಿದೆ, ತುಂಬಾ ಥ್ಯಾಂಕ್ಸ್. ಆದರೆ 22 ಮಿಲಿವೋಲ್ಟ್‌ಗೆ ಇಟ್ಟಿದ್ದು ಬಿಸಿಯಾದ ಮೇಲೆ 40 ದಾಟಿತು. ಹೊಸ ಬಿಡಿ139 ಬೋರ್ಡ್ ಮೇಲೇ ಇದೆ.

ಉತ್ತರ (ಸರಸ್ವತೀಪುರಂ, ಮೈಸೂರು):
ಈಗಲೇ ಆಫ್ ಮಾಡಿ! ಬಿಸಿ ಏರಿದಂತೆ ಪ್ರತಿ ಡಿಗ್ರಿಗೆ ಒಂದೊಂದು ಜಂಕ್ಷನ್‌ಗೆ ಬೇಕಾದ ವೋಲ್ಟೇಜ್ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಬೋರ್ಡ್ ಮೇಲಿರುವ ಬಿಡಿ139ಗೆ ಆ ಬಿಸಿ ಗೊತ್ತೇ ಆಗುವುದಿಲ್ಲ. ಅದನ್ನು ಹೀಟ್‌ಸಿಂಕ್‌ಗೆ, 2ಎನ್3055 ಪಕ್ಕಕ್ಕೇ ಸ್ಕ್ರೂ ಮಾಡಿ. ಹಿಂದಿನ ಲೋಹ ಅದರ ಕಲೆಕ್ಟರ್, ಹಾಗಾಗಿ ಹೀಟ್‌ಸಿಂಕ್‌ಗೆ ಕರೆಂಟ್ ತಾಗದಂತೆ ನಡುವೆ ಇಡುವ ಮೈಕಾ ಹಾಳೆ ಮರೆಯಬೇಡಿ, ಅದರ ಎರಡೂ ಬದಿಗೆ ಹೀಟ್‌ಸಿಂಕ್ ಪೇಸ್ಟ್ ತೆಳ್ಳಗೆ ಸವರಿ. ಪ್ರಿಸೆಟ್ ಮತ್ತೆ ಪೂರ್ತಿ 1 ಕೆ ಕಡೆ ತಿರುಗಿಸಿ ಶುರು ಮಾಡಿ, ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಅಳೆಯಿರಿ. ಆ ರೀಡಿಂಗ್ ಇಲ್ಲಿ ಹಾಕಿ, ನೋಡುತ್ತೇನೆ.