‘ಇಂತ’, ‘ಅಷ್ಟು’, ‘ಅಂತೆ’: ಹೋಲಿಕೆಯಲ್ಲಿ ಯಾವುದನ್ನು ಎಲ್ಲಿ ಬಳಸಬೇಕು?

ಪ್ರಶ್ನೆ: ಕನ್ನಡವನ್ನು ಎರಡನೆಯ ಭಾಷೆಯಾಗಿ ಕಲಿಯುತ್ತಿದ್ದೇನೆ. ‘ತಮ್ಮ ಅಣ್ಣನಿಗಿಂತ ಎತ್ತರ’ ಎಂದರೆ ಸಾಕೇ, ಅಥವಾ ‘ಹೆಚ್ಚು ಎತ್ತರ’ ಎನ್ನಲೇಬೇಕೇ? ‘ಅಣ್ಣನಷ್ಟು’ ಮತ್ತು ‘ಅಣ್ಣನಂತೆ’ ಎಂಬ ರೂಪಗಳ ನಡುವಿನ ವ್ಯತ್ಯಾಸವನ್ನೂ ದಯವಿಟ್ಟು ತಿಳಿಸಿ.

ಉತ್ತರ 1: ‘ಎತ್ತರ’ ಎಂದರೆ ಸಾಕು. ಕನ್ನಡದಲ್ಲಿ ಗುಣವಾಚಕದ ರೂಪ ಬದಲಾಗುವುದಿಲ್ಲ. ಹೋಲಿಕೆಯ ಭಾರವನ್ನೆಲ್ಲ ‘ಇಂತ’ ಹೊರುತ್ತದೆ. ಅದು ಚತುರ್ಥಿ ವಿಭಕ್ತಿಯ ರೂಪಕ್ಕೆ ಸೇರುವುದರಿಂದ ನನಗೆ, ಮರಕ್ಕೆ, ಓದುವುದಕ್ಕೆ ಎಂಬವು ನನಗಿಂತ, ಮರಕ್ಕಿಂತ, ಓದುವುದಕ್ಕಿಂತ ಎಂದಾಗುತ್ತವೆ. ‘ಎಲ್ಲರಿಗಿಂತ ಎತ್ತರ’ ಎಂದಾಗಲೂ ಇದೇ ನಿಯಮ.

ಉತ್ತರ 2: ‘ಅಷ್ಟು’ ಪ್ರಮಾಣವನ್ನು ಸೂಚಿಸುತ್ತದೆ, ‘ಅಂತೆ’ ರೀತಿಯನ್ನು. ‘ಅಣ್ಣನಷ್ಟು ಓದುತ್ತಾನೆ’ ಎಂದರೆ ಓದಿನ ಪ್ರಮಾಣ ಸಮ. ‘ಅಣ್ಣನಂತೆ ಓದುತ್ತಾನೆ’ ಎಂದರೆ ಓದುವ ಬಗೆ ಒಂದೇ. ನಿಜವಾದ ತೊಡಕು ನಿಷೇಧದಲ್ಲಿದೆ. ‘ತಮ್ಮ ಅಣ್ಣನಂತೆ ಓದುವುದಿಲ್ಲ’ ಎಂಬ ವಾಕ್ಯವನ್ನು ಅಣ್ಣ ಓದುತ್ತಾನೆ, ತಮ್ಮ ಓದುವುದಿಲ್ಲ ಎಂದೂ, ಇಬ್ಬರೂ ಓದುವುದಿಲ್ಲ ಎಂದೂ ಅರ್ಥೈಸಬಹುದು. ಮಾತಿನಲ್ಲಿ ಸಂದರ್ಭ ಕಾಪಾಡುತ್ತದೆ, ಬರಹದಲ್ಲಿ ಕಾಪಾಡದೆಯೂ ಇರಬಹುದು. ಎರಡನೆಯ ಅರ್ಥ ಬೇಕಿದ್ದರೆ ‘ಅಣ್ಣನಂತೆ ತಮ್ಮನೂ ಓದುವುದಿಲ್ಲ’ ಎಂದು ‘ಊ’ ಸೇರಿಸಿ. ವ್ಯತ್ಯಾಸವನ್ನೇ ಹೇಳಬೇಕಿದ್ದರೆ ‘ಅಣ್ಣನಷ್ಟು ಓದುವುದಿಲ್ಲ’ ಎನ್ನುವುದು ಮೇಲು, ಏಕೆಂದರೆ ಅಲ್ಲಿ ಗೊಂದಲಕ್ಕೆ ಎಡೆಯಿಲ್ಲ.

ಉತ್ತರ 3: ‘ಹೆಚ್ಚು’ ಎಂಬುದು ತಪ್ಪೇನಲ್ಲ, ಆದರೆ ಪ್ರತಿ ಹೋಲಿಕೆಗೂ ಅದನ್ನು ಅಂಟಿಸಿದರೆ ಬರಹ ಅನುವಾದದಂತೆ ಕೇಳಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಕ್ರಿಯಾಪದದೊಡನೆ ಅದು ಸಾಮಾನ್ಯವಾಗಿ ಅಗತ್ಯ: ‘ಅವಳು ನನಗಿಂತ ಹೆಚ್ಚು ಓದುತ್ತಾಳೆ’ ಎಂಬಲ್ಲಿ ಅದನ್ನು ಬಿಟ್ಟರೆ ವಾಕ್ಯ ಅಪೂರ್ಣವಾಗುತ್ತದೆ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಹಾಗಾದರೆ ‘ನನಗಿಂತ ಚೆನ್ನಾಗಿ ಹಾಡುತ್ತಾಳೆ’ ಎಂಬಲ್ಲಿ ‘ಹೆಚ್ಚು’ ಬೇಡವೇ?

ಉತ್ತರ 3: ಬೇಡ, ‘ಚೆನ್ನಾಗಿ’ ಎಂಬುದೇ ಆ ಸ್ಥಾನವನ್ನು ತುಂಬಿದೆ.